ಕೂದಲೆಳೆ ಎಂದರೆ ಎಷ್ಟು?

(ಲೇಸರ್ ಬೆಳಕಿನಿಂದ ದೂರ ಅಳೆಯುವುದನ್ನು ಕುರಿತ ಉಪನ್ಯಾಸದ ಬರಹ ರೂಪ)

ಮಾತು ಶುರುವಾಗುವ ಮುನ್ನ ಸಂಘಟಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಲೇಸರ್‌ನಲ್ಲಿ ಅಳೆದರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲವಂತೆ, ಹೌದೇ?" ಎಂದು ಕೇಳಿದರು. ಆಗ ಸುಮ್ಮನೆ ನಕ್ಕೆ. ಈಗ ಮೈಕು ಕೈಗೆ ಬಂದಿದೆಯಲ್ಲ, ಉತ್ತರ ಹೇಳಿಬಿಡುತ್ತೇನೆ: ನಮ್ಮ ಕಸುಬಿನಲ್ಲಿ ಕೂದಲು ಬಲು ದಪ್ಪದ ವಸ್ತು.

ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಕೆಲವರದು 50, ಕೆಲವರದು 100. ಉದ್ದದ ಅಳತೆಯ ಪ್ರಯೋಗಾಲಯಗಳಲ್ಲಿ ನಾವು ಬಳಸುವ ಕೆಂಪು ಹೀಲಿಯಂ-ನಿಯಾನ್ ಲೇಸರಿನ ತರಂಗಾಂತರ, ಎಂದರೆ ಅದರ ಬೆಳಕಿನ ಒಂದು ಅಲೆಯ ಉದ್ದ, 632.8 ನ್ಯಾನೊಮೀಟರ್ (ಸಾವಿರ ನ್ಯಾನೊಮೀಟರ್ ಸೇರಿದರೆ ಒಂದು ಮೈಕ್ರಾನ್). ಅದರ ಅರ್ಧವನ್ನು, ಎಂದರೆ ಸುಮಾರು 316 ನ್ಯಾನೊಮೀಟರನ್ನು, ಒಂದೊಂದು ಗೆರೆ ಎಂದುಕೊಳ್ಳಿ. ಅಂಥ ಅಳತೆಪಟ್ಟಿಯ ಮೇಲೆ ಒಂದು ಕೂದಲು ಬಿದ್ದರೆ ಇನ್ನೂರಿಪ್ಪತ್ತು ಗೆರೆಗಳು ಮುಚ್ಚಿಹೋಗುತ್ತವೆ. ಎರಡು ಗೆರೆಗಳ ನಡುವಿನ ಜಾಗವನ್ನೂ ನೂರು ಪಾಲು ಮಾಡಿ ಓದುವ ಉಪಕರಣಗಳಿವೆ.

ಇಷ್ಟು ಕೇಳಿದ ಮೇಲೆ ನಿಮಗೆ ನಂಬಿಕೆ ಬಂದಿರಬಹುದು. ಸ್ವಲ್ಪ ತಡೆಯಿರಿ. ಅದೇ ಲೇಸರನ್ನು ಬಯಲಿಗೆ ಒಯ್ದು ಒಂದು ಕಿಲೋಮೀಟರ್ ದೂರ ಅಳೆಯಲು ಹೇಳಿದರೆ, ಕೂದಲೆಳೆಯ ಮಾತು ಹಾಗಿರಲಿ, ಒಂದು ಮಿಲಿಮೀಟರ್ ಸರಿಯಾಗಿ ಬರುವಷ್ಟರಲ್ಲಿ ಬೆವರಿಳಿಯುತ್ತದೆ. ಬೆಳಕು ಅದೇ, ಗಡಿಯಾರವೂ ಚೆನ್ನಾಗಿಯೇ ಇದೆ. ಹಾಗಾದರೆ ತಪ್ಪು ಎಲ್ಲಿಂದ ಬರುತ್ತದೆ? ನಾನು ಇವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ.

ಮೊದಲು ಒಂದು ವಿಷಯ. ಲೇಸರ್ ಉಪಕರಣ ದೂರವನ್ನು ಅಳೆಯುವುದೇ ಇಲ್ಲ. ಒಂದೋ ಅದು ಸಮಯ ನೋಡುತ್ತದೆ, ಇಲ್ಲವೇ ಅಲೆ ಎಣಿಸುತ್ತದೆ. ದೂರ ಎನ್ನುವುದು ಆಮೇಲೆ ನಾವು ಮಾಡುವ ಗುಣಾಕಾರ.

ಸಮಯದ ದಾರಿ ನೋಡೋಣ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ 15 ಸೆಂಟಿಮೀಟರ್. ಒಂದು ಮಿಲಿಮೀಟರ್ ಗುರುತಿಸಬೇಕೆಂದರೆ 6.7 ಪಿಕೊಸೆಕೆಂಡನ್ನು ಗುರುತಿಸಬೇಕು. ಪಿಕೊಸೆಕೆಂಡ್ ಎಂದರೆ ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಂಗೈಯಲ್ಲಿ ಹಿಡಿಯುವ ಅಗ್ಗದ ಲೇಸರ್ ಮೀಟರಿನೊಳಗೆ ಅಷ್ಟು ಚುರುಕಾದ ಗಡಿಯಾರ ಎಲ್ಲಿಂದ ಬರಬೇಕು?

ಅದಕ್ಕೇ ಅಲ್ಲೊಂದು ಜಾಣತನವಿದೆ. ಬೆಳಕನ್ನು ಒಂದೇ ಸಮನೆ ಬಿಡದೆ ಅದರ ಪ್ರಖರತೆಯನ್ನು ತಾಳಬದ್ಧವಾಗಿ ಏರಿಳಿಸುತ್ತಾರೆ. ಉದಾಹರಣೆಗೆ ಸೆಕೆಂಡಿಗೆ 15 ಕೋಟಿ ಸಲ. ಆಗ ಒಂದು ಏರಿಳಿತದ ಉದ್ದ 2 ಮೀಟರ್. ಗೋಡೆಗೆ ಬಡಿದು ಬಂದ ಬೆಳಕಿನ ತಾಳ, ಈಗ ಹೊರಡುತ್ತಿರುವ ಬೆಳಕಿನ ತಾಳಕ್ಕಿಂತ ಎಷ್ಟು ಹಿಂದೆ ಬಿದ್ದಿದೆ ಎಂದು ನೋಡಿದರೆ ಸಾಕು. ಗೋಡೆ ಒಂದು ಮೀಟರ್ ಹಿಂದೆ ಸರಿದರೆ ಪೂರ್ತಿ ಒಂದು ಸುತ್ತಿನ ವ್ಯತ್ಯಾಸ. ಆ ಸುತ್ತಿನ ಸಾವಿರದಲ್ಲೊಂದು ಪಾಲನ್ನು ಓದುವುದು ಎಲೆಕ್ಟ್ರಾನಿಕ್ಸಿಗೆ ಕಷ್ಟವೇನಲ್ಲ, ಅದೇ ಒಂದು ಮಿಲಿಮೀಟರ್.

ತೊಡಕು ಒಂದೇ: ಸುತ್ತು ಎಷ್ಟನೆಯದೆಂದು ಗೊತ್ತಾಗುವುದಿಲ್ಲ. ಗೋಡೆ 3.412 ಮೀಟರ್ ದೂರವಿದ್ದರೂ 7.412 ಇದ್ದರೂ ಉಪಕರಣಕ್ಕೆ ಕಾಣುವುದು .412 ಮಾತ್ರ. ನಿಮಿಷದ ಮುಳ್ಳು ಮಾತ್ರ ಇರುವ ಗಡಿಯಾರದ ಹಾಗೆ: ಇಪ್ಪತ್ತು ನಿಮಿಷ ಆಗಿದೆ ಎನ್ನುತ್ತದೆ, ಎಷ್ಟು ಗಂಟೆ ಎಂದು ಹೇಳುವುದಿಲ್ಲ. ಆದ್ದರಿಂದ ಗಂಟೆಯ ಮುಳ್ಳಿನಂತೆ ಇನ್ನೊಂದು ನಿಧಾನದ ತಾಳವನ್ನೂ ಕಳಿಸುತ್ತಾರೆ. ಸೆಕೆಂಡಿಗೆ 15 ಲಕ್ಷ ಸಲದ್ದಾದರೆ 100 ಮೀಟರಿಗೆ ಒಂದು ಸುತ್ತು. ಅದು ಒರಟಾಗಿ "ಏಳು ಚಿಲ್ಲರೆ ಮೀಟರ್" ಎನ್ನುತ್ತದೆ, ಚಿಲ್ಲರೆ ಎಷ್ಟೆಂದು ಮೊದಲಿನದು ಹೇಳುತ್ತದೆ. ಗುಂಡಿ ಒತ್ತಿದಾಗ ಅರ್ಧ ಕ್ಷಣ ಯೋಚಿಸಿದಂತೆ ನಿಲ್ಲುತ್ತದಲ್ಲ, ಒಳಗೆ ನಡೆಯುತ್ತಿರುವುದು ಇಂಥದ್ದೇ ವಿಚಾರಣೆ.

ಈ ಉಪಾಯ ಲೇಸರಿಗಿಂತ ಹಳೆಯದು. ಸ್ವೀಡನ್ನಿನ ಎರಿಕ್ ಬರ್ಗ್‌ಸ್ಟ್ರಾಂಡ್ 1940ರ ದಶಕದ ಕೊನೆಯಲ್ಲಿ ಸಾಮಾನ್ಯ ದೀಪದ ಬೆಳಕನ್ನು ಏರಿಳಿಸಿ ಇದನ್ನೇ ಮಾಡಿದ. ಆತ ಹೊರಟಿದ್ದು ದೂರ ಅಳೆಯುವುದಕ್ಕಲ್ಲ, ಬೆಳಕಿನ ವೇಗ ಅಳೆಯುವುದಕ್ಕೆ. ಮೊದಲೇ ಸರ್ವೆ ಮಾಡಿದ ಗೊತ್ತಿರುವ ದೂರ ಇಟ್ಟುಕೊಂಡು ವೇಗ ಕಂಡುಹಿಡಿದ. ಆಮೇಲೆ ಅದೇ ಪೆಟ್ಟಿಗೆಯನ್ನು ತಿರುಗುಮುರುಗು ಮಾಡಿ, ವೇಗ ಗೊತ್ತಿದೆ ಎಂದುಕೊಂಡು ದೂರ ಕಂಡುಹಿಡಿಯಲು ಬಳಸಿದರು. ಜಿಯೋಡಿಮೀಟರ್ ಎಂಬ ಉಪಕರಣ ಹುಟ್ಟಿದ್ದು ಹಾಗೆ. ಈ ತಿರುಗುಮುರುಗನ್ನು ನೆನಪಿಟ್ಟುಕೊಳ್ಳಿ. ಕೆಲವು ದಶಕಗಳ ನಂತರ ಇಡೀ ಜಗತ್ತು ಅದನ್ನೇ ಮಾಡಿತು.

ಇನ್ನು ಅಲೆ ಎಣಿಸುವ ದಾರಿ. ಒಂದು ಕಿರಣವನ್ನು ಎರಡಾಗಿ ಒಡೆಯಿರಿ. ಒಂದನ್ನು ಕದಲದ ಕನ್ನಡಿಗೆ, ಇನ್ನೊಂದನ್ನು ಸರಿಯುವ ಕನ್ನಡಿಗೆ ಕಳಿಸಿ, ಮರಳಿ ಬಂದ ಎರಡನ್ನೂ ಕೂಡಿಸಿ. ಅಲೆಯ ಮೇಲೆ ಅಲೆ ಬಿದ್ದರೆ ಬೆಳಕು, ಅಲೆಯ ಮೇಲೆ ತಗ್ಗು ಬಿದ್ದರೆ ಕತ್ತಲೆ. ಕನ್ನಡಿ ಅರ್ಧ ತರಂಗಾಂತರ ಸರಿದರೆ ಕಿರಣದ ದಾರಿ ಹೋಗುವಾಗ ಅರ್ಧ, ಬರುವಾಗ ಅರ್ಧ ಸೇರಿ ಒಂದು ತರಂಗಾಂತರ ಉದ್ದವಾಗುತ್ತದೆ. ಬೆಳಕು-ಕತ್ತಲೆಯ ಒಂದು ಸುತ್ತು ಮುಗಿಯುತ್ತದೆ. ಆರಂಭದಲ್ಲಿ ಅರ್ಧದ ಲೆಕ್ಕ ಹೇಳಿದ್ದು ಇದಕ್ಕೇ. ಒಂದು ಮೀಟರ್ ಸರಿದರೆ ಸುಮಾರು 31 ಲಕ್ಷ 60 ಸಾವಿರ ಸುತ್ತು. ಇದು ಆಲ್ಬರ್ಟ್ ಮೈಕಲ್ಸನ್‌ನ ವಿನ್ಯಾಸ. 1890ರ ದಶಕದ ಆರಂಭದಲ್ಲಿ ಆತ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಕೂತು ಕ್ಯಾಡ್ಮಿಯಂ ದೀಪದ ಕೆಂಪು ಬೆಳಕಿನಲ್ಲಿ ಒಂದು ಮೀಟರಿಗೆ ಎಷ್ಟು ಅಲೆ ಹಿಡಿಸುತ್ತದೆ ಎಂದು ಲೆಕ್ಕ ಹಾಕಿದ: 15,53,163.5. ಎಣಿಸಿಕೊಡಲು ಯಂತ್ರವಿಲ್ಲದ ಕಾಲ. ಆ ಕೊನೆಯ ಅರ್ಧ ನನಗೆ ಯಾವತ್ತೂ ಸೋಜಿಗ.

ಈ ಎಣಿಕೆಗೆ ಒಂದು ಶಾಪವಿದೆ. ಎಣಿಸುತ್ತಿರುವಾಗ ಕಿರಣಕ್ಕೆ ಯಾರಾದರೂ ಅಡ್ಡ ಬಂದರೆ ಲೆಕ್ಕ ಹೋಯಿತು, ಮೊದಲಿನಿಂದ ಶುರು. ಉದ್ಯೋಗಕ್ಕೆ ಸೇರಿದ ಹೊಸತರಲ್ಲಿ, ಮೂರು ಗಂಟೆ ಕಾದು ಕೋಣೆಯ ಉಷ್ಣತೆ ನಿಂತ ಮೇಲೆ ಅಳತೆ ಶುರುಮಾಡಿದ್ದೆ. ಇನ್ನೇನು ಕೊನೆಯ ಬಿಂದು ಎನ್ನುವಾಗ ಕೈಯಲ್ಲಿದ್ದ ಪೆನ್ನು ಜಾರಿತು, ಹಿಡಿಯಲು ಬಾಗಿದೆ, ಕಿರಣ ಅಂಗಿಯ ತೋಳಿಗೆ ಬಿತ್ತು. ಅಂದಿನಿಂದ ಆ ಕೋಣೆಗೆ ಪೆನ್ನು ಒಯ್ಯುವುದಿಲ್ಲ. ಹೀಗಾಗಿ ಇಂಟರ್‌ಫೆರೊಮೀಟರ್, ಎಂದರೆ ಈ ಅಲೆ ಎಣಿಸುವ ಉಪಕರಣ, "ಎಷ್ಟು ದೂರವಿದೆ" ಎಂದು ಹೇಳುವುದಿಲ್ಲ, "ನಾನು ನೋಡತೊಡಗಿದ ಮೇಲೆ ಎಷ್ಟು ಸರಿಯಿತು" ಎಂದಷ್ಟೇ ಹೇಳುತ್ತದೆ.

ಈಗ ಆ ತಿರುಗುಮುರುಗಿನ ಕಥೆ. 1889ರಿಂದ ಮೀಟರ್ ಎಂದರೆ ಪ್ಲಾಟಿನಂ-ಇರಿಡಿಯಂ ಸರಳೊಂದರ ಮೇಲಿನ ಎರಡು ಗೆರೆಗಳ ನಡುವಿನ ಅಂತರ. 1960ರ ಅಕ್ಟೋಬರಿನಲ್ಲಿ ಸರಳನ್ನು ಪಕ್ಕಕ್ಕಿಟ್ಟು, ಕ್ರಿಪ್ಟಾನ್-86 ದೀಪದ ಕಿತ್ತಳೆ-ಕೆಂಪು ಬೆಳಕಿನ 16,50,763.73 ತರಂಗಾಂತರಗಳೇ ಒಂದು ಮೀಟರ್ ಎಂದು ಘೋಷಿಸಿದರು. ಅದೇ ವರ್ಷ ಮೇ 16ರಂದು ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಹೊತ್ತಿಸಿಯಾಗಿತ್ತು. ದೀಪಕ್ಕೆ ಪಟ್ಟ ಕಟ್ಟುವ ಹೊತ್ತಿಗೆ ವಾರಸುದಾರ ಹುಟ್ಟಿ ಐದು ತಿಂಗಳು!

1972ರಲ್ಲಿ ಅಮೆರಿಕದ ಬೋಲ್ಡರ್‌ನ ಪ್ರಯೋಗಾಲಯದಲ್ಲಿ ಕೆನೆತ್ ಇವನ್ಸನ್ ಮತ್ತು ಸಂಗಡಿಗರು ಒಂದು ಲೇಸರಿನ ಆವೃತ್ತಿಯನ್ನೂ (ಸೆಕೆಂಡಿಗೆ ಎಷ್ಟು ಅಲೆ ಎಂಬುದನ್ನು) ತರಂಗಾಂತರವನ್ನೂ ಬೇರೆಬೇರೆಯಾಗಿ ಅಳೆದು, ಎರಡನ್ನೂ ಗುಣಿಸಿ, ಬೆಳಕಿನ ವೇಗವನ್ನು ಸೆಕೆಂಡಿಗೆ ಒಂದು ಮೀಟರಿನಷ್ಟೇ ಅನಿಶ್ಚಿತತೆಯಲ್ಲಿ ಹಿಡಿದರು. ಅದಕ್ಕಿಂತ ಚೆನ್ನಾಗಿ ಹಿಡಿಯಲು ಅಡ್ಡಿಯಾದದ್ದು ಕ್ರಿಪ್ಟಾನ್ ದೀಪ. ಅಳೆಯುವ ಕೈ ಚುರುಕಾಗಿ, ಅಳತೆಗೋಲೇ ಮೊಂಡಾಗಿತ್ತು. 1983ರಲ್ಲಿ ಜಗತ್ತು ಬರ್ಗ್‌ಸ್ಟ್ರಾಂಡ್‌ನ ಪೆಟ್ಟಿಗೆಯನ್ನು ತಿರುಗಿಸಿದಂತೆ ತಿರುಗಿಸಿತು. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್, ಚಿಲ್ಲರೆ ಇಲ್ಲ, ಚರ್ಚೆ ಇಲ್ಲ. ಅದರ ಆಧಾರದ ಮೇಲೆ ಮೀಟರ್ ಎಷ್ಟು ಬರುತ್ತದೋ ಅಷ್ಟು. ಅಂದಿನಿಂದ ನಿರ್ವಾತದಲ್ಲಿ ಬೆಳಕಿನ ವೇಗವನ್ನು ಮೀಟರಿನಲ್ಲಿ ಅಳೆಯಲು ಯಾರಿಗೂ ಸಾಧ್ಯವಿಲ್ಲ. ಅಳೆಯಲು ಹೊರಟವರು ನಿಜಕ್ಕೂ ತಮ್ಮ ಮೀಟರ್ ಕೋಲನ್ನು ಪರೀಕ್ಷಿಸಿಕೊಳ್ಳುತ್ತಿರುತ್ತಾರೆ.

ಬೆಳಕಿನ ಕಡೆಯಿಂದ ತಕರಾರು ಮುಗಿಯಿತು. ಉಳಿದದ್ದು ದಾರಿಯ ತಕರಾರು. ಆ 29,97,92,458 ನಿರ್ವಾತದ ಮಾತು. ನಾವಿರುವುದು ಗಾಳಿಯಲ್ಲಿ.

ಗಾಳಿಯ ವಕ್ರೀಭವನ ಸೂಚ್ಯಂಕ, ಎಂದರೆ ನಿರ್ವಾತದಲ್ಲಿನ ಬೆಳಕಿನ ವೇಗ ಗಾಳಿಯಲ್ಲಿನದರ ಎಷ್ಟು ಪಟ್ಟು ಎಂಬ ಲೆಕ್ಕ, ಸುಮಾರು 1.00027. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಒಂದು ಕಿಲೋಮೀಟರಿಗೆ ಹಾಕಿ ನೋಡಿ: 27 ಸೆಂಟಿಮೀಟರ್! ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದೂರ ಒಂದು ಗೇಣಿಗಿಂತ ಹೆಚ್ಚು ಬೆಳೆದುಬಿಡುತ್ತದೆ. ಇದು ಸ್ಥಿರವಾಗಿದ್ದರೆ ಒಮ್ಮೆ ಕಳೆದು ನಿಶ್ಚಿಂತೆಯಿಂದ ಇರಬಹುದಿತ್ತು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಉತ್ತರ ಹೆಚ್ಚುಕಡಿಮೆ ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾಗುತ್ತದೆ, ಎಂದರೆ ಕಿಲೋಮೀಟರಿಗೆ ಒಂದು ಮಿಲಿಮೀಟರ್. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರಕ್ಕೆ ಹೋದರೆ, ಒತ್ತಡ ಇಳಿದದ್ದರಿಂದಲೇ ಕಿಲೋಮೀಟರಿಗೆ ಸುಮಾರು 3 ಸೆಂಟಿಮೀಟರ್ ಬದಲಾವಣೆ. ತೇವಾಂಶದ ಕಾಟ ಮಾತ್ರ ಬೆಳಕಿಗೆ ಕಡಿಮೆ. ರೇಡಿಯೊ ಅಲೆಗಳಿಗೆ ಅದೇ ದೊಡ್ಡ ತಲೆನೋವು.

ಸರಿ, ಥರ್ಮಾಮೀಟರ್ ಇಡೋಣ. ಎಲ್ಲಿ ಇಡುತ್ತೀರಿ? ಈ ತುದಿಯಲ್ಲೊಂದು, ಆ ತುದಿಯಲ್ಲೊಂದು ಇಡಬಹುದು. ನಡುವೆ ಕಾದ ಡಾಂಬರು ರಸ್ತೆ ಇದೆ, ಕೆರೆ ಇದೆ, ಮರದ ನೆರಳಿದೆ. ಕಿರಣ ಅವೆಲ್ಲವನ್ನೂ ದಾಟಿ ಬಂದು ಒಂದೇ ಒಂದು ಸಂಖ್ಯೆ ಕೊಡುತ್ತದೆ. ಬಿಸಿಲಲ್ಲಿ ರಸ್ತೆಯ ಮೇಲಿನ ಗಾಳಿ ನೀರಿನ ಹಾಗೆ ಕುಣಿಯುವುದನ್ನು ನೋಡಿದ್ದೀರಲ್ಲ, ಕುಣಿಯುತ್ತಿರುವುದು ಇದೇ ಸೂಚ್ಯಂಕ. ಎರಡು ಬಣ್ಣದ ಬೆಳಕು ಕಳಿಸಿ, ಎರಡೂ ಕೊಡುವ ಉತ್ತರಗಳ ವ್ಯತ್ಯಾಸದಿಂದ ನಡುವಿನ ಗಾಳಿಯನ್ನು ಊಹಿಸುವ ಸೊಗಸಾದ ವಿಧಾನವೊಂದಿದೆ. ಕಾಗದದ ಮೇಲೆ ಅದು ಅದ್ಭುತ. ಆದರೆ ಎರಡು ಬಣ್ಣಗಳ ನಡುವಿನ ವ್ಯತ್ಯಾಸ ತೀರಾ ಚಿಕ್ಕದು. ಅದನ್ನು ಹಲವು ಪಟ್ಟು ಹಿಗ್ಗಿಸಿ ತಿದ್ದುಪಡಿ ಪಡೆಯಬೇಕು, ಹಿಗ್ಗಿಸಿದಾಗ ಅಳತೆಯ ತಪ್ಪೂ ಅಷ್ಟೇ ಪಟ್ಟು ಹಿಗ್ಗುತ್ತದೆ.

ಪ್ರಯೋಗಾಲಯದೊಳಗೂ ಇದೇ ಪಾಡು. ಉಸಿರು ಬಿಟ್ಟರೆ ಪರದೆಯ ಮೇಲಿನ ಕೊನೆಯ ಅಂಕಿಗಳು ತತ್ತರಿಸುತ್ತವೆ. ಜೊತೆಗೆ ನಾವು ಅಳೆಯುವ ವಸ್ತುವೂ ಸುಮ್ಮನಿರುವುದಿಲ್ಲ: ಉಕ್ಕಿನ ಒಂದು ಮೀಟರ್ ಪಟ್ಟಿ ಒಂದು ಡಿಗ್ರಿಗೆ ಹನ್ನೊಂದು ಮೈಕ್ರಾನಿನಷ್ಟು ಹಿಗ್ಗುತ್ತದೆ. ಗಾಳಿಯ ಒಂದು ಡಿಗ್ರಿ ಮಾಡುವ ತಪ್ಪು ಒಂದು ಮೀಟರಿಗೆ ಒಂದು ಮೈಕ್ರಾನ್, ಉಕ್ಕಿನದು ಅದರ ಹನ್ನೊಂದು ಪಟ್ಟು. ಉದ್ದ ಎಂದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಉದ್ದ ಎಂದು ಇಡೀ ಜಗತ್ತಿನ ಯಂತ್ರೋದ್ಯಮ ಒಪ್ಪಿಕೊಂಡಿರುವುದು ಇದರಿಂದಲೇ. ನಮ್ಮನ್ನು ಲೇಸರ್ ತಜ್ಞರು ಎನ್ನುತ್ತಾರೆ. ದಿನದ ಬಹುಪಾಲು ನಾವು ಮಾಡುವುದು ಥರ್ಮಾಮೀಟರ್ ಕಾಯುವ ಕೆಲಸ.

ಇನ್ನೊಂದು ತಕರಾರು ಇದಕ್ಕಿಂತ ಸರಳ, ಹಾಗಾಗಿಯೇ ಹೆಚ್ಚು ಅಪಾಯದ್ದು: ಸೊನ್ನೆ ಎಲ್ಲಿದೆ? ಅಂಗೈ ಮೀಟರ್ ತನ್ನ ಹಿಂಬದಿಯ ಅಂಚಿನಿಂದ ಅಳೆಯುತ್ತದೋ ಮುಂಬದಿಯಿಂದಲೋ? ಒಂದು ಗುಂಡಿ ತಪ್ಪಿ ಒತ್ತಿದರೆ ಉಪಕರಣದ ಉದ್ದವೇ ತಪ್ಪಾಗಿ ಸೇರಿಬಿಡುತ್ತದೆ. ಸರ್ವೆಯವರು ಕೋನ ಮತ್ತು ದೂರ ಎರಡನ್ನೂ ಅಳೆಯಲು ಬಳಸುವ ಟೋಟಲ್ ಸ್ಟೇಷನ್‌ನಲ್ಲಿ ಆ ತುದಿಗೆ ಗಾಜಿನ ಪ್ರಿಸಂ ಇಡುತ್ತಾರೆ. ಬೆಳಕು ಗಾಜಿನೊಳಗೆ ನಿಧಾನವಾಗಿ ಹೋಗಿಬರುವುದರಿಂದ ಅದು ತಿರುಗಿದಂತೆ ಕಾಣುವ ಬಿಂದು ಕಂಬದ ನಡುವಿಗೆ ಸರಿಹೊಂದುವುದಿಲ್ಲ. ಅದಕ್ಕೆ ಪ್ರಿಸಂ ಕಾನ್‌ಸ್ಟಂಟ್ ಎಂಬ ತಿದ್ದುಪಡಿ. ಒಮ್ಮೆ ಬೇರೆಯವರಿಂದ ಎರವಲು ತಂದ ಪ್ರಿಸಂ ಬಳಸಿ ಇಡೀ ದಿನ ಅಳೆದೆ, ಸಂಖ್ಯೆ ಬದಲಿಸಲು ಮರೆತಿದ್ದೆ. ಅಷ್ಟೂ ದೂರಗಳು 30 ಮಿಲಿಮೀಟರ್ ತಪ್ಪು. ಗಾಳಿಯ ಉಷ್ಣತೆಯನ್ನು ಮಾತ್ರ ಅರ್ಧ ಡಿಗ್ರಿಯವರೆಗೆ ಶ್ರದ್ಧೆಯಿಂದ ಬರೆದುಕೊಂಡಿದ್ದೆ!

ಓರೆಯಾಗಿ ಹಿಡಿಯುವುದೂ ಇದೇ ಜಾತಿಗೆ ಸೇರಿದ್ದು. ಐದು ಮೀಟರ್ ದೂರದ ಗೋಡೆಗೆ ಎರಡು ಡಿಗ್ರಿ ಓರೆಯಾಗಿ ಹೊಡೆದರೆ ಮೂರು ಮಿಲಿಮೀಟರ್ ಹೆಚ್ಚು. ಉಪಕರಣದ ಮೇಲೆ "±1 ಮಿ.ಮೀ." ಎಂದು ಬರೆದಿರುತ್ತದೆ. ಅದು ಉಪಕರಣ ಕೊಟ್ಟ ಮಾತು, ನಿಮ್ಮ ಕೈ ಕೊಟ್ಟದ್ದಲ್ಲ.

ಇನ್ನು ಚಂದ್ರ. ಈ ಭಾಗಕ್ಕಾಗಿಯೇ ಕಾದು ಕೂತವರು ಕೆಲವರಿದ್ದೀರಿ ಎಂದು ಗೊತ್ತು.

1969ರ ಜುಲೈನಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ನೆಲದ ಮೇಲೆ ನೂರು ಗಾಜಿನ ಮೂಲೆಗಳಿರುವ ಒಂದು ಹಲಗೆ ಇಟ್ಟು ಬಂದರು. ಮೂಲೆ ಎಂದದ್ದು ಅಕ್ಷರಶಃ: ಪೆಟ್ಟಿಗೆಯ ಮೂಲೆಯಂತೆ ಮೂರು ಮುಖಗಳು ಒಂದಕ್ಕೊಂದು ಲಂಬವಾಗಿ ಸೇರಿದ ಪ್ರಿಸಂ. ಅದಕ್ಕೆ ಚೆಂಡು ಎಸೆದಂತೆ ಬೆಳಕು ಎಸೆದರೆ, ಯಾವ ಕೋನದಿಂದ ಬಂದರೂ ಮೂರು ಕಡೆ ಪುಟಿದು ಬಂದ ದಿಕ್ಕಿಗೇ ವಾಪಸು ಹೋಗುತ್ತದೆ. ಸಾಮಾನ್ಯ ಕನ್ನಡಿಯಾಗಿದ್ದರೆ ಗುರಿ ಹಿಡಿದು ನಿಲ್ಲಿಸಬೇಕಿತ್ತು. ಆಮೇಲೆ ಅಪೊಲೊ 14 ಮತ್ತು 15, ಸೋವಿಯತ್ ಒಕ್ಕೂಟದ ಎರಡು ಲೂನೊಖೋದ್ ಬಂಡಿಗಳೂ ಇಂಥವನ್ನು ಒಯ್ದವು. ಅಪೊಲೊ 15ರದ್ದು 300 ಮೂಲೆಗಳ ದೊಡ್ಡ ಹಲಗೆ.

ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್ ವೀಕ್ಷಣಾಲಯದಲ್ಲಿ 3.5 ಮೀಟರ್ ದೂರದರ್ಶಕದಿಂದ ಹಸಿರು ಲೇಸರ್ ಮಿಡಿತಗಳನ್ನು ಚಂದ್ರನತ್ತ ಬಿಡುತ್ತಾರೆ, ಸೆಕೆಂಡಿಗೆ 20. ಒಂದೊಂದು ಮಿಡಿತದಲ್ಲೂ 3ರ ಮುಂದೆ 17 ಸೊನ್ನೆ ಹಾಕಿದಷ್ಟು ಫೋಟಾನ್‌ಗಳು (ಬೆಳಕಿನ ಕಣಗಳು), ಎಂದರೆ ಮೂರು ಸಾವಿರ ಕೋಟಿ ಕೋಟಿ. ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರ. ಅಲ್ಲಿಗೆ ತಲುಪುವಷ್ಟರಲ್ಲಿ ಕಿರಣ ಸುಮಾರು 2 ಕಿಲೋಮೀಟರ್ ಅಗಲವಾಗಿರುತ್ತದೆ. ಅದರಲ್ಲಿ ಹಲಗೆಯ ಮೇಲೆ ಬೀಳುವುದು ಅತ್ಯಲ್ಪ. ವಾಪಸು ಬರುವಾಗ ಭೂಮಿಯ ಮೇಲೆ ಸುಮಾರು 15 ಕಿಲೋಮೀಟರ್ ಹರಡುತ್ತದೆ; ಅದರಲ್ಲಿ ದೂರದರ್ಶಕಕ್ಕೆ ಸಿಗುವುದು ಇನ್ನೂ ಅಲ್ಪ. ಎರಡೂವರೆ ಸೆಕೆಂಡ್ ಕಾದ ಮೇಲೆ ಅಷ್ಟು ಕೋಟಿ ಕೋಟಿಗಳಲ್ಲಿ ಮರಳಿ ಕೈಗೆ ಸಿಗುವುದು ಒಂದು. ಎಷ್ಟೋ ಸಲ ಅದೂ ಇಲ್ಲ.

ಆ ಒಂದು ಫೋಟಾನೂ ಪೂರ್ತಿ ನಂಬಿಕಸ್ಥನಲ್ಲ. ಚಂದ್ರ ನಮ್ಮ ಕಡೆಗೆ ಸ್ವಲ್ಪ ಓಲಾಡುತ್ತಾನೆ, ಜೊತೆಗೆ ಹಲಗೆಯೂ ಓರೆಯಾಗುತ್ತದೆ. ಹಾಗಾಗಿ ಹಲಗೆಯ ಈ ಮೂಲೆ ನಮಗೆ ಹತ್ತಿರ, ಆ ಮೂಲೆ ಕೆಲವು ಸೆಂಟಿಮೀಟರ್ ದೂರ. ಬಂದ ಫೋಟಾನ್ ಯಾವ ಮೂಲೆಗೆ ಬಡಿದು ಬಂತೋ ಯಾರು ಬಲ್ಲರು? ಸಾವಿರಾರು ಫೋಟಾನ್‌ಗಳನ್ನು ಕೂಡಿಟ್ಟು ಸರಾಸರಿ ತೆಗೆದಾಗ ಮಾತ್ರ ಮಿಲಿಮೀಟರಿನ ಮಟ್ಟಕ್ಕೆ ಇಳಿಯಬಹುದು. ದೊಡ್ಡ ಹಲಗೆ ಹೆಚ್ಚು ಬೆಳಕು ಕೊಡುತ್ತದೆ, ಹೆಚ್ಚು ಗೊಂದಲವನ್ನೂ ಕೊಡುತ್ತದೆ.

ಇತ್ತ ದೂರದರ್ಶಕ ನಿಂತ ನೆಲವೂ ಚಂದ್ರ-ಸೂರ್ಯರ ಸೆಳೆತಕ್ಕೆ ದಿನವೂ ಒಂದು ಅಡಿಯಷ್ಟು ಏರಿಳಿಯುತ್ತದೆ. ಕಡಲಿಗಷ್ಟೇ ಉಬ್ಬರವಿಳಿತ ಎಂದು ನಾವು ಓದಿದ್ದು, ಬಂಡೆಗೂ ಉಂಟು. ಖಂಡವೇ ವರ್ಷಕ್ಕೆ ಕೆಲವು ಸೆಂಟಿಮೀಟರ್ ತೇಲುತ್ತದೆ. ಇವನ್ನೆಲ್ಲ ಲೆಕ್ಕಕ್ಕೆ ಸೇರಿಸಿ, ಕಳೆದು, ದಶಕಗಟ್ಟಲೆ ಕೂತ ಮೇಲೆ ಸಿಕ್ಕಿದ ಉತ್ತರ: ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ. ಇದೇ ಅಳತೆಗಳಿಂದ ಭೂಮಿಯೂ ಚಂದ್ರನೂ ಸೂರ್ಯನತ್ತ ಒಂದೇ ಸಮನಾಗಿ ಬೀಳುತ್ತಿವೆಯೇ ಎಂದೂ ಪರೀಕ್ಷಿಸಿದ್ದಾರೆ. ಐನ್‌ಸ್ಟೈನ್ ಹೇಳಿದಂತೆಯೇ ಬೀಳುತ್ತಿವೆ.

ಲೂನೊಖೋದ್-1ರ ಕಥೆ ಹೇಳದೆ ಮುಂದೆ ಹೋಗಲಾರೆ. 1970ರಲ್ಲಿ ಇಳಿದ ಆ ಬಂಡಿ ಕೊನೆಗೆ ಎಲ್ಲಿ ನಿಂತಿತೆಂದು ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ ದಶಕಗಳ ಕಾಲ ಯಾರ ಕಿರಣವೂ ಅದಕ್ಕೆ ತಾಗಲಿಲ್ಲ. 2010ರಲ್ಲಿ, ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆಯ ಚಿತ್ರಗಳಲ್ಲಿ ಅದು ಚುಕ್ಕೆಯಾಗಿ ಕಂಡಿತು. ಅಪಾಚೆ ಪಾಯಿಂಟ್‌ನವರು ಏಪ್ರಿಲ್‌ನಲ್ಲಿ ಅತ್ತ ಲೇಸರ್ ತಿರುಗಿಸಿದರು. ನಲವತ್ತು ವರ್ಷ ಧೂಳಿನಲ್ಲಿ ಕೂತಿದ್ದ ಕನ್ನಡಿ ಎಲ್ಲರೂ ಎಣಿಸಿದ್ದಕ್ಕಿಂತ ಹೆಚ್ಚು ಬೆಳಕನ್ನು ಹಿಂದಿರುಗಿಸಿತು. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾದ ಪುಟ್ಟ ಪ್ರತಿಫಲಕವಿದೆ: 5 ಸೆಂಟಿಮೀಟರ್ ಅಗಲದ ಗುಮ್ಮಟದ ಮೇಲೆ ಎಂಟು ಮೂಲೆಗಳು. 2023ರ ಡಿಸೆಂಬರ್ 12ರಂದು ಎಲ್‌ಆರ್‌ಒ ನೌಕೆ ನೂರು ಕಿಲೋಮೀಟರ್ ದೂರದಿಂದ ಲೇಸರ್ ಹಾಯಿಸಿ ಅದರಿಂದ ಉತ್ತರ ಪಡೆಯಿತು. ಭೂಮಿಯಿಂದ ಹೊಡೆಯಲು ಅದು ತೀರಾ ಚಿಕ್ಕದು.

ಗುರುತ್ವ ಅಲೆ ಹಿಡಿದ ಅಮೆರಿಕದ ಲೈಗೊ ಉಪಕರಣದ ಬಗ್ಗೆ ಎರಡೇ ಮಾತು, ಯಾಕೆಂದರೆ ಅದಕ್ಕೆ ಬೇರೆಯೇ ಒಂದು ಸಂಜೆ ಬೇಕು. ಮೈಕಲ್ಸನ್‌ನ ವಿನ್ಯಾಸವೇ, ತೋಳುಗಳು ಮಾತ್ರ 4 ಕಿಲೋಮೀಟರ್. 2015ರ ಸೆಪ್ಟೆಂಬರ್ 14ರಂದು ಅದು ಗುರುತಿಸಿದ ಬದಲಾವಣೆ ಒಂದು ಪ್ರೋಟಾನಿನ ಅಗಲದ ನೂರಾರು ಪಾಲುಗಳಲ್ಲಿ ಒಂದು. ಗಾಳಿಯ ಬಗ್ಗೆ ಇಷ್ಟು ಹೊತ್ತು ಗೊಣಗಿದ್ದೇನಲ್ಲ, ಅವರು ಗಾಳಿಯೊಂದಿಗೆ ರಾಜಿಯೇ ಮಾಡಿಕೊಳ್ಳಲಿಲ್ಲ: ಎರಡೂ ತೋಳುಗಳನ್ನು ಉಕ್ಕಿನ ಕೊಳವೆಯೊಳಗಿಟ್ಟು ಗಾಳಿ ಹೀರಿ ತೆಗೆದರು. ಅಷ್ಟಾಗಿಯೂ ಲೈಗೊಗೆ ತನ್ನ ತೋಳಿನ ಉದ್ದ ಆ ನಿಖರತೆಯಲ್ಲಿ ಗೊತ್ತಿಲ್ಲ. ಒಂದು ತೋಳು ಇನ್ನೊಂದಕ್ಕಿಂತ ಎಷ್ಟು ಬದಲಾಯಿತು ಎಂಬುದಷ್ಟೇ ಗೊತ್ತು. ಪೆನ್ನು ಜಾರಿದ ನನ್ನ ಉಪಕರಣದ ಹಾಗೆಯೇ.

ಕೊನೆಗೆ ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ. "ಚಂದ್ರ ಇರಲಿ, ನನ್ನ ಹತ್ತಿರ ಒಂದು ಲೇಸರ್ ಮೀಟರ್ ಇದೆ. ಅದು ಸರಿಯಾಗಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ?"

ಒಂದೇ ನೇರದಲ್ಲಿ ಮೂರು ಗುರುತು ಮಾಡಿ: ಅ, ಆ, ಇ. ಅ-ಆ ಅಳೆಯಿರಿ, ಆ-ಇ ಅಳೆಯಿರಿ, ಆಮೇಲೆ ಅ-ಇ ಒಂದೇ ಸಲಕ್ಕೆ ಅಳೆಯಿರಿ. ಮೂರೂ ಸಲ ಉಪಕರಣದ ಅದೇ ಅಂಚನ್ನು ಗುರುತಿಗೆ ತಾಗಿಸಬೇಕು. ಮೊದಲನೆಯದು 2.003, ಎರಡನೆಯದು 3.003, ಮೂರನೆಯದು 5.003 ಬಂತು ಎನ್ನಿ. ಮೊದಲೆರಡನ್ನು ಕೂಡಿದರೆ 5.006. ಬಿಡಿ ಅಳತೆಗಳಲ್ಲಿ ಸೊನ್ನೆಯ ತಪ್ಪು ಎರಡು ಸಲ ಸೇರಿದೆ, ಇಡಿ ಅಳತೆಯಲ್ಲಿ ಒಂದೇ ಸಲ. ಉಳಿದ 3 ಮಿಲಿಮೀಟರ್ ಉಪಕರಣದ ಸೊನ್ನೆಯದು. ಪ್ರತಿ ಅಳತೆಯಿಂದಲೂ ಅದನ್ನು ಕಳೆಯಿರಿ. ಯಾವ ಪ್ರಯೋಗಾಲಯದ ಹಂಗೂ ಬೇಡ, ಸರಿಯಾದ ಉದ್ದ ಮೊದಲೇ ಗೊತ್ತಿರಬೇಕೆಂದೂ ಇಲ್ಲ. ಆದರೆ ಉಪಕರಣ ಪ್ರತಿ ಮೀಟರಿಗೂ ಒಂದಿಷ್ಟು ಹೆಚ್ಚು ತೋರಿಸುತ್ತಿದ್ದರೆ ಈ ಉಪಾಯಕ್ಕೆ ಅದು ಸಿಕ್ಕಿಬೀಳುವುದಿಲ್ಲ. ಅದಕ್ಕೆ ಉದ್ದ ಗೊತ್ತಿರುವ ಪಟ್ಟಿಯೊಂದು ಬೇಕು, ಜೊತೆಗೆ ಆ ಪಟ್ಟಿಯ ಪಕ್ಕ ಒಂದು ಥರ್ಮಾಮೀಟರ್.